ಪ್ರವಾಸ ಬರಹದಲ್ಲಿ ಊರು ಕಾಣಿಸುವಂತೆ ಬರೆಯುವುದು ಹೇಗೆ?

ಪ್ರಶ್ನೆ: ಕಾಳಿತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ರಜೆ ಸಿಕ್ಕಾಗಲೆಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲೋ ಘಟ್ಟದ ಮೇಲೋ ಸುತ್ತಾಡಿ, ಕಂಡದ್ದನ್ನು ಕನ್ನಡದಲ್ಲಿ ಬರೆದು ಅಂತರ್ಜಾಲದಲ್ಲಿ ಪ್ರಕಟಿಸುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ದಾರಿ, ಬಸ್ಸು, ವಸತಿಯ ಮಾಹಿತಿಗಾಗಿ ಓದುವವರು ಸಾಕಷ್ಟಿದ್ದಾರೆ. ಆದರೆ ಬರವಣಿಗೆಯನ್ನೇ ಸವಿದು ಓದುವಂತಾಗಬೇಕು, ಊರು ನೋಡದವರ ಕಣ್ಣಿಗೂ ಊರು ಕಟ್ಟಬೇಕು ಎಂಬುದು ನನ್ನ ಆಸೆ. ಬಂಡೆ ಶಿಖರಗಳ ಯಾಣದ ಮೇಲಿನ ನನ್ನ ಲೇಖನದಲ್ಲಿ ಯಾಣ ಎಂಬ ಹೆಸರನ್ನು ತೆಗೆದು ಮಾಗೋಡು ಜಲಪಾತದ ಹೆಸರನ್ನು ಹಾಕಿದರೂ ಅರ್ಧದಷ್ಟು ವಾಕ್ಯಗಳು ಹಾಗೆಯೇ ಸಲ್ಲುತ್ತವೆ ಎಂದು ಗೆಳತಿಯೊಬ್ಬಳು ಹೇಳಿದ ಮೇಲೆ ಈ ವಿಚಾರ ತಲೆ ಕೊರೆಯುತ್ತಿದೆ.

ಸುಮ್ಮನೆ ಸಲಹೆ ಕೇಳುವುದಕ್ಕಿಂತ ಒಂದು ಭಾಗವನ್ನು ಮುಂದಿಡುವುದು ಮೇಲು ಎನ್ನಿಸಿ, ಅಘನಾಶಿನಿಯ ಬಗ್ಗೆ ಇತ್ತೀಚೆಗೆ ಬರೆದದ್ದನ್ನು ಕೆಳಗೆ ಕೊಟ್ಟಿದ್ದೇನೆ.

"ಪಶ್ಚಿಮ ಘಟ್ಟದ ಮಡಿಲಿನಿಂದ ಹರಿದುಬರುವ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಈ ತಾಣ ಪ್ರಕೃತಿಪ್ರಿಯರ ಪಾಲಿಗೆ ಸ್ವರ್ಗವೇ ಸರಿ. ತದಡಿಯಿಂದ ದೋಣಿಯಲ್ಲಿ ನದಿ ದಾಟುವಾಗ ಕಣ್ಣು ಹಾಯಿಸಿದಷ್ಟೂ ನೀರು, ಹಸಿರು ಬೆಟ್ಟಗಳು, ತಂಪಾದ ಗಾಳಿ ಮನಸ್ಸಿಗೆ ಮುದ ನೀಡುತ್ತವೆ. ಸ್ಥಳೀಯ ಮಹಿಳೆಯರು ಕೆಸರಿನಲ್ಲಿ ಚಿಪ್ಪಿಕಲ್ಲು ಹೆಕ್ಕುವ ದೃಶ್ಯ ನಯನಮನೋಹರ. ಒಮ್ಮೆಯಾದರೂ ಭೇಟಿ ನೀಡಲೇಬೇಕಾದ ಸ್ಥಳವಿದು."

ಇದನ್ನು ಎಲ್ಲಿ ತಿದ್ದಬೇಕು? ಇತಿಹಾಸ, ಅಂಕಿಅಂಶಗಳನ್ನು ಎಷ್ಟರಮಟ್ಟಿಗೆ ತರಬೇಕು? ಊರಿನವರೊಡನೆ ಮಾತು ಬೆಳೆಸುವುದು ಹೇಗೆ? ಅನುಭವಿಗಳು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಸೋದೆ ದಾರಿ, ಶಿರಸಿ

ಕಾಳಿತೀರ ಅವರಿಗೆ ನಮಸ್ಕಾರ. ನಾನು ವಾರಪತ್ರಿಕೆಯೊಂದಕ್ಕೆ ಬರುತ್ತಿದ್ದ ಪ್ರವಾಸ ಲೇಖನಗಳನ್ನು ಬಹುಕಾಲ ತಿದ್ದಿದವನು. ನಿಮ್ಮ ಬರಹದಲ್ಲಿ ಭಾಷೆ ಶುದ್ಧವಾಗಿದೆ, ವಾಕ್ಯಗಳು ಎಲ್ಲೂ ಎಡವುವುದಿಲ್ಲ. ಆದ್ದರಿಂದ ನಿಮಗೆ ವ್ಯಾಕರಣದ ಪಾಠ ಬೇಕಿಲ್ಲ. ಬೇಕಾಗಿರುವುದು ನೋಡುವ ಹೊತ್ತನ್ನು ಹೆಚ್ಚಿಸಿಕೊಳ್ಳುವುದು ಮತ್ತು ತೀರ್ಪು ಕೊಡುವುದನ್ನು ತಡಮಾಡುವುದು.

ನಿಮ್ಮ ನಾಲ್ಕು ವಾಕ್ಯಗಳು ಎಲ್ಲಿ ಮುಗಿಯುತ್ತವೆ ಎಂಬುದನ್ನು ಗಮನಿಸಿ. ಸ್ವರ್ಗ, ಮುದ, ನಯನಮನೋಹರ, ಭೇಟಿ ನೀಡಲೇಬೇಕಾದ ಸ್ಥಳ ಎಂದು ಪ್ರತಿಯೊಂದು ವಾಕ್ಯವೂ ಒಂದು ತೀರ್ಪಿನಲ್ಲಿ ಕೊನೆಗೊಳ್ಳುತ್ತದೆ. ಕನ್ನಡ ವಾಕ್ಯದ ಭಾರವೆಲ್ಲ ಬೀಳುವುದು ಅದರ ತುದಿಯ ಮೇಲೆ. ಅಲ್ಲಿ ಕ್ರಿಯೆ ಇದ್ದರೆ ಓದುಗನಿಗೆ ಯಾರೋ ಏನನ್ನೋ ಮಾಡುವುದು ಕಾಣುತ್ತದೆ, ಹೊಗಳಿಕೆ ಇದ್ದರೆ ಬರೆದವರ ಮೆಚ್ಚುಗೆ ಮಾತ್ರ ಕೇಳಿಸುತ್ತದೆ. ಮೆಚ್ಚುಗೆ ತಪ್ಪೇನಲ್ಲ. ಆದರೆ ಅದು ಓದುಗನಲ್ಲಿ ತಾನಾಗಿ ಹುಟ್ಟಬೇಕಾದದ್ದು, ನಾವು ಮೊದಲೇ ಹೇಳಿಬಿಟ್ಟರೆ ಅವನ ಪಾಲಿಗೆ ಏನೂ ಉಳಿಯುವುದಿಲ್ಲ.

ನಿಮ್ಮ ಲೇಖನ ಶುರುವಾಗಬೇಕಾದದ್ದು ಮೂರನೆಯ ವಾಕ್ಯದಿಂದ. ಅಘನಾಶಿನಿಯಲ್ಲಿ ಕಾಣುವ ಅತ್ಯಂತ ಮುಖ್ಯವಾದ ಸಂಗತಿ ಅಲ್ಲಿದೆ, ನೀವು ಅದನ್ನು ಒಂದೇ ಪದದಿಂದ ಮುಚ್ಚಿಬಿಟ್ಟಿದ್ದೀರಿ. ಚಿಪ್ಪಿಕಲ್ಲು ಹೆಕ್ಕುವುದು ದಿನದ ಎಲ್ಲ ಹೊತ್ತಿನಲ್ಲೂ ನಡೆಯುವ ಕೆಲಸವಲ್ಲ, ಸಮುದ್ರ ಇಳಿದಾಗ ಮಾತ್ರ ನಡೆಯುವಂಥದ್ದು. ಭರತ (ಸಮುದ್ರದ ಉಬ್ಬರ) ಮತ್ತು ಇಳಿತಗಳು ದಿನಕ್ಕೆ ಎರಡೆರಡು ಬಾರಿ, ಸುಮಾರು ಆರು ಗಂಟೆಗಳ ಅಂತರದಲ್ಲಿ ಬರುತ್ತವೆ, ದಿನದಿಂದ ದಿನಕ್ಕೆ ಅವುಗಳ ವೇಳೆ ಮುಂದೆ ಸರಿಯುತ್ತದೆ. ಭರತದ ಹೊತ್ತಿಗೆ ಹೋದವನು ಬರೀ ನೀರನ್ನು ಕಂಡು ಬರುತ್ತಾನೆ, ಇಳಿತದ ಹೊತ್ತಿಗೆ ಹೋದವನು ಒಂದು ದುಡಿಮೆಯನ್ನು ಕಾಣುತ್ತಾನೆ. ಹೀಗಾಗಿ ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ ಬಗ್ಗೆ ಬರೆಯುವವರು ಮನೆ ಬಿಡುವ ಮೊದಲೇ ಆ ದಿನದ ಇಳಿತದ ಸಮಯವನ್ನು ನೋಡಿಕೊಂಡಿರಬೇಕು. ನಿಮ್ಮ ಸಾಲನ್ನು ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ (ಚಿಪ್ಪಿಕಲ್ಲಿಗೆ ಬಳಚು ಎಂದೂ ಹೆಸರು):

"ಇಳಿತ ಶುರುವಾದ ಮೇಲೆ ನದಿಯ ನಡುವೆ ಕೆಸರಿನ ದಿಬ್ಬಗಳು ಒಂದೊಂದಾಗಿ ಮೇಲೇಳುತ್ತವೆ. ಮೊಣಕಾಲುದ್ದದ ನೀರಿನಲ್ಲಿ ಬಾಗಿ ನಿಂತ ಹೆಂಗಸರು ಕೈಯಿಂದಲೇ ತಳವನ್ನು ತಡಕಿ ಬಳಚನ್ನು ಹೆಕ್ಕುತ್ತಾರೆ. ಕೈಗೆ ಸಿಕ್ಕಿದ್ದು ಕಲ್ಲೋ ಚಿಪ್ಪೋ ಎಂಬುದು ಅವರಿಗೆ ನೋಡದೆಯೇ ತಿಳಿಯುತ್ತದೆ. ಮಾತು ನಡೆದೇ ಇರುತ್ತದೆ, ಕೈ ನಿಲ್ಲುವುದಿಲ್ಲ. ನೀರು ಮತ್ತೆ ಏರುವಷ್ಟರಲ್ಲಿ ಪಾತ್ರೆ ತುಂಬಬೇಕು."

ಇದು ನಾನು ಕಂಡದ್ದು. ನೀವು ಕಂಡದ್ದು ಬೇರೆ ಇರಬಹುದು, ಅದನ್ನೇ ಬರೆಯಿರಿ. ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ ಎಂಬುದನ್ನೂ, ಈ ಸಾಲುಗಳನ್ನು ಮಾಗೋಡಿಗೆ ಹಚ್ಚಲು ಬಾರದು ಎಂಬುದನ್ನೂ ಗಮನಿಸಿದರೆ ನಿಮ್ಮ ಗೆಳತಿಯ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ.

ಮಾಹಿತಿಯ ಪ್ರಶ್ನೆಗೆ ಬರೋಣ. ಅಘನಾಶಿನಿ ಶಿರಸಿಯ ಬಳಿ ಹುಟ್ಟುತ್ತದೆ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ, ಅದಕ್ಕೆ ಎಲ್ಲಿಯೂ ಅಣೆಕಟ್ಟಿಲ್ಲ, ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇವನ್ನೆಲ್ಲ ಲೇಖನದ ಆರಂಭದಲ್ಲಿ ಸಾಲಾಗಿ ಜೋಡಿಸಿದರೆ ಪಠ್ಯಪುಸ್ತಕವಾಗುತ್ತದೆ. ಆದರೆ ಓದುಗನಿಗೆ ಆ ಹೆಂಗಸರನ್ನು ತೋರಿಸಿದ ಮೇಲೆ, ಇಲ್ಲೇ ಏಕೆ ಇಷ್ಟು ಬಳಚು ಎಂಬ ಪ್ರಶ್ನೆ ಅವನಲ್ಲಿ ಏಳುತ್ತದೆ. ಅಣೆಕಟ್ಟಿಲ್ಲದ ನದಿಯಾದ್ದರಿಂದ ಘಟ್ಟದ ಸಿಹಿನೀರು ತನ್ನ ಕಾಲಕ್ಕೆ ತಕ್ಕಂತೆ ತಡೆಯಿಲ್ಲದೆ ಇಳಿದು ಬಂದು ಕಡಲಿನ ಉಪ್ಪುನೀರಿನೊಡನೆ ಬೆರೆಯುತ್ತದೆ; ಆ ಬೆರಕೆಯನ್ನು ನೆಚ್ಚಿಕೊಂಡು ಚಿಪ್ಪಿಕಲ್ಲು, ಸಿಗಡಿ, ಏಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬದುಕುತ್ತವೆ; ಹತ್ತಿರದ ಮಾಣಿಕಟ್ಟಾದ ಗಜನಿ ಎಂಬ ತಗ್ಗಿನ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಕಂಡದ್ದಕ್ಕೆ ಕಾರಣವಾಗಿ ಬಂದ ಮಾಹಿತಿಯನ್ನು ಯಾರೂ ಹಾರಿಸಿ ಓದುವುದಿಲ್ಲ. ಕಾರಣವಾಗದ ಮಾಹಿತಿ ಎಷ್ಟೇ ನಿಜವಾದರೂ ಆ ಲೇಖನಕ್ಕೆ ಬೇಡ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಇರಲಿ, ಮುಂದೆ ಬೇಕಾದೀತು.

ಊರಿನವರೊಡನೆ ಮಾತು ಬೆಳೆಸುವ ಬಗ್ಗೆ ನನಗೆ ತಿಳಿದಿರುವ ದಾರಿ ಒಂದೇ: ಊರಿನ ಚೆಲುವಿನ ಬಗ್ಗೆ ಕೇಳಬೇಡಿ, ಅವರ ಕೆಲಸದ ಬಗ್ಗೆ ಕೇಳಿ. ಶಿರಸಿ ಕಡೆಯ ಅಡಿಕೆ ತೋಟಕ್ಕೆ ಬಂದ ಪ್ರವಾಸಿ "ನಿಮ್ಮ ಊರು ಎಷ್ಟು ಚಂದ ಅಲ್ಲವೇ" ಎಂದರೆ, ಹೌದು ಎಂಬ ಒಂದು ಮಾತಿನಲ್ಲಿ ಸಂಭಾಷಣೆ ಮುಗಿಯುತ್ತದೆ. ಮಳೆಗಾಲದಲ್ಲಿ ಮರವೇರಿ ಅಡಿಕೆ ಕೊನೆಗಳಿಗೆ (ಗೊಂಚಲುಗಳಿಗೆ) ಔಷಧಿ ಹೊಡೆಯುವ ಕೊನೆಗೌಡರನ್ನು "ಈ ಮಳೆಯಲ್ಲಿ ಔಷಧಿಗೆ ಹೊತ್ತು ಹೇಗೆ ಹೊಂದಿಸುತ್ತೀರಿ" ಎಂದು ಕೇಳಿ ನೋಡಿ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕಾಯಿಯ ಮೇಲೆ ಒಣಗಿ ಹಿಡಿಯುವಷ್ಟು ಹೊಳವು (ಮಳೆಯ ಬಿಡುವು) ಬೇಕು, ಅದು ತಪ್ಪಿದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ, ಒದ್ದೆ ಮರ ಜಾರುತ್ತದೆ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವುದಕ್ಕೆ ಎಷ್ಟು ಅಭ್ಯಾಸ ಬೇಕು ಎಂಬುದೆಲ್ಲ ತಾನಾಗಿ ಬರುತ್ತದೆ. ತೋಟದ ಹಸಿರಿನ ಬಗ್ಗೆ ಬರೆಯಲು ಆಮೇಲೆ ನಿಮಗೆ ವಿಶೇಷಣ ಬೇಕಾಗುವುದಿಲ್ಲ. ಅವರು ಆಡಿದ ಮಾತನ್ನು ಅಂದೇ ಸಂಜೆ ಬರೆದಿಟ್ಟುಕೊಳ್ಳಿ, ಅವರ ಮಾತಿನ ವರಸೆಯನ್ನು ಗ್ರಂಥಭಾಷೆಗೆ ತಿದ್ದಬೇಡಿ, ಹೆಸರು ಹಾಕುವುದಾದರೆ ಒಪ್ಪಿಗೆ ಪಡೆಯಿರಿ.

ಉತ್ತರ: ದಿವಗಿ ದಾಟಿದವರು, ಕುಮಟಾ

ಮೇಲಿನವರು ಹೇಳಿದ್ದನ್ನು ಒಪ್ಪುತ್ತ, ಅವರು ಮುಟ್ಟದ ಒಂದು ಮಾತನ್ನು ಸೇರಿಸುತ್ತೇನೆ. ಪ್ರವಾಸ ಬರಹವನ್ನು ಜನ ಓದುವುದು ಹೊರಡುವ ಮುಂಚೆ. ಆದ್ದರಿಂದ ಅದರಲ್ಲಿರುವ ದಾರಿಯ ಮಾಹಿತಿ ಯಾವ ತಿಂಗಳಿನದು, ಯಾವ ವರ್ಷದ್ದು ಎಂಬುದು ಲೇಖನದಲ್ಲೇ ಸ್ಪಷ್ಟವಾಗಿರಬೇಕು. ನಮ್ಮ ಜಿಲ್ಲೆಯಲ್ಲಂತೂ ಇದು ಬಹಳ ಮುಖ್ಯ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರ ಜೀವ ಹೋಯಿತು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಅದೇ ವರ್ಷದ ಆಗಸ್ಟ್ 7ರಂದು, ಇನ್ನೂ ಬೆಳಗಾಗುವ ಮೊದಲೇ, ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆ ಸೇತುವೆಯ ಮೇಲೆ ನಿಂತು ಸೂರ್ಯಾಸ್ತ ನೋಡಿ ಎಂದು ಸಲಹೆ ಕೊಡುವ ಹಳೆಯ ಬರಹಗಳು ತಿದ್ದುಪಡಿಯಿಲ್ಲದೆ ಉಳಿದರೆ ಅವನ್ನು ನಂಬಿ ಬರುವವರಿಗೆ ಅನ್ಯಾಯ. ಹಳೆಯ ಲೇಖನಗಳಿಗೆ ಮರಳಿ ಹೋಗಿ ತಿದ್ದುವುದು ಬರವಣಿಗೆಯ ಹೊರಗಿನ ಕೆಲಸವಲ್ಲ, ಅದರದೇ ಭಾಗ ಎಂದು ನಾನು ತಿಳಿದಿದ್ದೇನೆ.

ಋತುವಿನ ವಿಷಯವೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಆ ಎರಡು ತಿಂಗಳಲ್ಲಿ ಬಂದರಿಗೆ ಹೋದವರು ದಡಕ್ಕೆ ಕಟ್ಟಿದ ದೋಣಿಗಳನ್ನೂ, ಬಲೆ ದುರಸ್ತಿ ಮಾಡುತ್ತ ಕುಳಿತವರನ್ನೂ ಕಾಣುತ್ತಾರೆ. ಅದು ಬರೆಯಲು ಬಹಳ ಒಳ್ಳೆಯ ಸಮಯ, ಆದರೆ ನವೆಂಬರಿನ ಬಂದರಿನ ಗದ್ದಲವನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗುತ್ತದೆ. ಲೇಖನದಲ್ಲಿ ತಿಂಗಳು ಇರಲಿ.

ಇನ್ನೊಂದು ಕಳಕಳಿಯ ಮಾತು. ಯಾರಿಗೂ ತಿಳಿಯದ ಅಬ್ಬಿ (ಜಲಪಾತ), ಜನರಿಲ್ಲದ ಕಡಲತೀರ ಎಂದು ಆಸೆ ಹುಟ್ಟಿಸಿ ಬರೆಯುವಾಗ, ಅಲ್ಲಿ ನೀರಿನ ಸೆಳೆತ ಹೇಗಿದೆ, ಜೀವರಕ್ಷಕರಿದ್ದಾರೆಯೇ, ಮಳೆಗಾಲದಲ್ಲಿ ಬಂಡೆ ಎಷ್ಟು ಜಾರುತ್ತದೆ ಎಂಬುದನ್ನು ಅಷ್ಟೇ ಎದ್ದು ಕಾಣುವಂತೆ ಬರೆಯಬೇಕು. ಹಾಗೆಯೇ ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರ ಮಣಿಸರ ಮತ್ತು ಉಡುಗೆಯ ಚಿತ್ರಗಳನ್ನು ಮಾತ್ರ ಹಾಕಿ, ಅವರ ಬದುಕಿನ ಬಗ್ಗೆ ಒಂದು ಸಾಲೂ ಬರೆಯದ ಲೇಖನಗಳು ನನಗೆ ನೋವು ಕೊಡುತ್ತವೆ. ಸುಕ್ರಿ ಬೊಮ್ಮಗೌಡರು ನೂರಾರು ಹಾಡುಗಳನ್ನು ನೆನಪಿನಲ್ಲಿ ಉಳಿಸಿಕೊಂಡದ್ದರಿಂದ, ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಬೀಜ ಮತ್ತು ಸಸಿಗಳ ಜ್ಞಾನವನ್ನು ಕೈಗೂಡಿಸಿಕೊಂಡದ್ದರಿಂದ ಪದ್ಮಶ್ರೀ ಪಡೆದರು. ಅಂಥ ಸಮುದಾಯದ ಬಗ್ಗೆ ಬರೆಯುವಾಗ ಉಡುಗೆಯ ಬಣ್ಣದಲ್ಲೇ ನಿಂತುಬಿಡುವುದು ಸಲ್ಲದು.

ಉತ್ತರ: ಶರಾವತಿ ಎಡದಂಡೆ, ಹೊನ್ನಾವರ

ಶಿರಸಿಯವರ ಮಾತಿನಲ್ಲಿ ನನಗೆ ಒಂದು ಭಯ ಕಾಣುತ್ತದೆ. ಭಾವನೆಯನ್ನು ಪೂರ್ತಿಯಾಗಿ ಹಿಂದಕ್ಕೆ ಸರಿಸಿ, ಕೆಲಸ ಮತ್ತು ಕಾರಣಗಳನ್ನೇ ಬರೆಯುತ್ತ ಹೋದರೆ ಪ್ರವಾಸ ಬರಹ ಸಮೀಕ್ಷೆಯ ವರದಿಯಾಗಿಬಿಡುವ ಸಾಧ್ಯತೆ ಇಲ್ಲವೇ? ನಾವು ಊರಿಗೆ ಹೋಗುವುದು ಮನಸ್ಸನ್ನು ಹೊತ್ತುಕೊಂಡೇ. ಆ ಮನಸ್ಸಿಗೆ ಏನಾಯಿತು ಎಂಬುದೂ ಬರಹದಲ್ಲಿ ಇರಬೇಕು.

ಕಾಳಿತೀರ ಅವರು ಕಾರವಾರದವರಾದ್ದರಿಂದ ಅಲ್ಲಿಯದೇ ಉದಾಹರಣೆ ಕೊಡುತ್ತೇನೆ. ರವೀಂದ್ರನಾಥ ಟ್ಯಾಗೋರರು ತಮ್ಮ 22ನೆಯ ವಯಸ್ಸಿನ ಸುಮಾರಿಗೆ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರಾಗಿದ್ದರು. ಮುಂದೆ ತಮ್ಮ ನೆನಪುಗಳನ್ನು ಬರೆಯುವಾಗ, ಬೆಳದಿಂಗಳ ಒಂದು ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಹೋದದ್ದನ್ನು ಅವರು ನೆನೆಯುತ್ತಾರೆ. ಕಾಡು, ಬೆಟ್ಟ, ನದಿ ಎಲ್ಲವೂ ಆ ವರ್ಣನೆಯಲ್ಲಿವೆ. ಆದರೆ ಓದಿ ಮುಗಿಸಿದ ಮೇಲೆ ನನ್ನಲ್ಲಿ ಉಳಿದದ್ದು, ಅವರು ದಡಕ್ಕಿಳಿದು ಒಬ್ಬ ರೈತನ ಮನೆಯ ಗುಡಿಸಿ ಸ್ವಚ್ಛಗೊಳಿಸಿದ ಅಂಗಳದಲ್ಲಿ ಕುಳಿತು, ಜೊತೆಯಲ್ಲಿ ತಂದಿದ್ದ ಊಟವನ್ನು ಉಂಡದ್ದು. ಬೆಳದಿಂಗಳು ಆ ಅಂಗಳದ ಆವರಣದ ಮೇಲಿನಿಂದ ಹಾದು ಎಲ್ಲಿ ಬಿದ್ದಿತ್ತೋ ಅಲ್ಲಿ ಅವರು ಕುಳಿತಿದ್ದರು ಎಂಬಷ್ಟು ನಿಖರವಾಗಿ ಆ ನೆನಪು ಬರುತ್ತದೆ. ಭಾವನೆ ಅಲ್ಲಿ ತುಂಬಿ ತುಳುಕುತ್ತದೆ, ಆದರೆ ಅದಕ್ಕೆ ಕಾಲೂರಲು ಒಂದು ಅಂಗಳವಿದೆ.

ನನ್ನ ಸಲಹೆ ಇಷ್ಟೇ. ಭಾವನೆಯನ್ನು ಬರೆಯಿರಿ, ಆದರೆ ಅದು ಯಾವ ವಸ್ತುವನ್ನು ಕಂಡಾಗ, ಯಾವ ಮಾತನ್ನು ಕೇಳಿದಾಗ ಹುಟ್ಟಿತೋ ಆ ವಸ್ತುವಿನ, ಆ ಮಾತಿನ ಪಕ್ಕದಲ್ಲೇ ಇಡಿ. ಅಭ್ಯಾಸಕ್ಕೆ ಒಂದು ಕೆಲಸವನ್ನೂ ಹೇಳುತ್ತೇನೆ. ಕಾರವಾರದ ಕಡಲತೀರದಲ್ಲಿ ರಂಪಣಿ ಎಂಬ ದೊಡ್ಡ ಬಲೆಯನ್ನು ದಡಕ್ಕೆ ಎಳೆಯುವುದು ಕಂಡರೆ ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿ. ದೋಣಿಯು ಅರ್ಧವೃತ್ತಾಕಾರದಲ್ಲಿ ಬಲೆಯನ್ನು ಬಿಡುತ್ತ ಸಾಗುವುದು, ಬಲೆಯ ಎರಡು ತುದಿಗಳ ಹಗ್ಗವನ್ನು ದಡದ ಮೇಲೆ ಎರಡು ಗುಂಪುಗಳು ಹಿಡಿದು ಎಳೆಯುವುದು, ಬಲೆ ಹತ್ತಿರ ಬಂದಂತೆಲ್ಲ ಆ ಗುಂಪುಗಳು ಒಂದರ ಕಡೆಗೊಂದು ಸರಿಯುವುದು, ಕೊನೆಗೆ ಮೀನು ಹಂಚಿಕೆಯಾಗುವುದು. ಇಷ್ಟನ್ನೂ ಕಡಲನ್ನೇ ಕಾಣದ ಬೀದರಿನ ಓದುಗನಿಗೆ ತಿಳಿಯುವಂತೆ ಬರೆಯಿರಿ. ಚಿತ್ರಗಳನ್ನು ಸೇರಿಸದೆ ಬರೆಯಿರಿ, ಏಕೆಂದರೆ ಚಿತ್ರವಿದೆ ಎಂಬ ಧೈರ್ಯದಲ್ಲಿ ವಾಕ್ಯಗಳು ಸೋಮಾರಿಯಾಗುತ್ತವೆ.

ಪ್ರತಿಕ್ರಿಯೆ: ಕಾಳಿತೀರ, ಕಾರವಾರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ವಾಕ್ಯಗಳ ಕೊನೆಯನ್ನು ಗಮನಿಸುವ ಮಾತನ್ನು ಓದಿದ ಮೇಲೆ ನನ್ನ ಉಳಿದ ಲೇಖನಗಳನ್ನೂ ಆ ಕಣ್ಣಿನಿಂದಲೇ ನೋಡುತ್ತಿದ್ದೇನೆ. ಇಳಿತದ ವೇಳೆ ನೋಡಿಕೊಂಡು ಮತ್ತೊಮ್ಮೆ ತದಡಿಗೆ ಹೋಗುವುದು ಖಚಿತ.

ಇನ್ನೊಂದು ಸಂದೇಹ ಉಳಿದಿದೆ. ಐತಿಹ್ಯಗಳನ್ನು ಹೇಗೆ ಬರೆಯಬೇಕು? ಯಾಣ ಎಂದರೆ ಭಸ್ಮಾಸುರನ ಕಥೆ, ಗೋಕರ್ಣ ಎಂದರೆ ಆತ್ಮಲಿಂಗದ ಕಥೆ. ಬಿಟ್ಟರೆ ಊರಿನವರಿಗೆ ಬೇಸರ, ಬರೆದರೆ ಎಲ್ಲರೂ ಬರೆದದ್ದನ್ನೇ ಮತ್ತೆ ಬರೆದಂತೆ. ಮಿರ್ಜಾನಿನಂಥ ಕೋಟೆಯ ವಿಷಯದಲ್ಲಿ ಕಥೆ ಯಾವುದು, ಇತಿಹಾಸ ಯಾವುದು ಎಂಬುದೂ ಗೊಂದಲವೇ.

ಉತ್ತರ: ಸೋದೆ ದಾರಿ, ಶಿರಸಿ

ಹೊನ್ನಾವರದವರ ತಿದ್ದುಪಡಿಯನ್ನು ಸಂತೋಷದಿಂದ ಒಪ್ಪುತ್ತೇನೆ, ಅಂಗಳದ ಉದಾಹರಣೆ ನನ್ನ ಮಾತಿಗಿಂತ ಚೆನ್ನಾಗಿ ಹೇಳುತ್ತದೆ.

ಐತಿಹ್ಯವನ್ನು ಬಿಡಬೇಡಿ, ಆದರೆ ಅದಕ್ಕೂ ನೆಲದ ಮೇಲೆ ಒಂದು ಕೆಲಸ ಕೊಡಿ. ಆತ್ಮಲಿಂಗದ ಕಥೆಯನ್ನೇ ತೆಗೆದುಕೊಳ್ಳಿ. ನೆಲಕ್ಕೆ ಊರಿದ ಲಿಂಗವನ್ನು ಕೀಳಲಾರದೆ ರಾವಣ ಸಿಟ್ಟಿನಿಂದ ಎಸೆದ ವಸ್ತುಗಳು ಬಿದ್ದ ಕಡೆಗಳೇ ಕ್ಷೇತ್ರಗಳಾದವು ಎಂಬುದು ನಂಬಿಕೆ. ಕಾರವಾರದ ಶೇಜ್ಜೇಶ್ವರ, ಕುಮಟಾ ತಾಲ್ಲೂಕಿನ ಗೋಕರ್ಣ ಮತ್ತು ಧಾರೇಶ್ವರ, ಹೊನ್ನಾವರ ತಾಲ್ಲೂಕಿನ ಗುಣವಂತೆ, ಭಟ್ಕಳ ತಾಲ್ಲೂಕಿನ ಮುರುಡೇಶ್ವರ ಇವೆಲ್ಲವೂ ಒಂದೇ ಕಥೆಯೊಳಗೆ ಬರುತ್ತವೆ. ಇವನ್ನು ಉತ್ತರದಿಂದ ದಕ್ಷಿಣಕ್ಕೆ ಜೋಡಿಸಿದರೆ ನಮ್ಮ ಕರಾವಳಿಯ ಬಹುಭಾಗ ಅದರಲ್ಲಿ ಸಿಕ್ಕುತ್ತದೆ, ನಡುವೆ ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳನ್ನು ದಾಟಬೇಕಾಗುತ್ತದೆ. ಕಥೆಯನ್ನು ಮತ್ತೆ ಹೇಳುವ ಬದಲು ಆ ದಾರಿಯಲ್ಲಿ ಹೋಗಿ, ಪ್ರತಿಯೊಂದು ಊರಿನಲ್ಲಿ ಕಥೆಯ ಯಾವ ಭಾಗವನ್ನು ಒತ್ತಿ ಹೇಳುತ್ತಾರೆ ಎಂದು ಕೇಳುತ್ತ ಬರೆದರೆ ಅದೇ ಒಂದು ಹೊಸ ಲೇಖನ. ಯಾಣದಲ್ಲಿಯೂ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎಂದು ಬರೆದು ಮುಗಿಸುವುದಕ್ಕಿಂತ, ಆ ಎರಡು ಕರಿಬಂಡೆಗಳ ಬುಡದಲ್ಲಿ ನಿಂತವನಿಗೆ ಭಸ್ಮಾಸುರನ ಕಥೆ ಏಕೆ ಸಹಜವೆನ್ನಿಸುತ್ತದೆ ಎಂಬುದನ್ನು ತೋರಿಸಲು ಯತ್ನಿಸಿ.

ಮಿರ್ಜಾನಿನ ವಿಷಯದಲ್ಲಿ ಕ್ರಿಯಾಪದವೇ ನಿಮ್ಮನ್ನು ಕಾಪಾಡಬೇಕು. ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೆಯ ಶತಮಾನದಲ್ಲಿ ಆಳಿದಳು, ಕಾಳುಮೆಣಸಿನ ವ್ಯಾಪಾರದಿಂದಾಗಿ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಇವನ್ನು ನೇರವಾಗಿ ಬರೆಯಬಹುದು. ಕೋಟೆಯನ್ನು ಕಟ್ಟಿಸಿದವರು ಯಾರು ಎಂಬ ಬಗ್ಗೆ ಹೇಳಿಕೆಗಳು ಒಂದೇ ಬಗೆಯಾಗಿಲ್ಲ, ಆದ್ದರಿಂದ ಅಲ್ಲಿ "ಕಟ್ಟಿಸಿದಳು" ಎನ್ನದೆ "ಕಟ್ಟಿಸಿದಳೆಂದು ಹೇಳುತ್ತಾರೆ" ಎಂದು ಬರೆಯಿರಿ, ಹೇಳಿದವರು ಮಾರ್ಗದರ್ಶಿಯೋ, ಊರಿನ ಹಿರಿಯರೋ, ಫಲಕವೋ ಎಂಬುದನ್ನೂ ಸೇರಿಸಿ. ಒಂದು ಕಡೆ "ಅಂತೆ" ಎಂದು ಬರೆದವರನ್ನು ಇನ್ನೊಂದು ಕಡೆ ನಂಬುವುದು ಓದುಗನಿಗೆ ಸುಲಭವಾಗುತ್ತದೆ.

ಬರೆದು ಮುಗಿಸಿದ ಮೇಲೆ ಲೇಖನವನ್ನು ಒಂದೆರಡು ದಿನ ಬಿಟ್ಟು, ಗಟ್ಟಿಯಾಗಿ ಓದಿ. ಉಸಿರು ಕಟ್ಟುವ ಕಡೆ ವಾಕ್ಯವನ್ನು ಒಡೆಯಿರಿ, ನಾಲಿಗೆ ತಾನಾಗಿ ಓಡುವ ಕಡೆ ಅದು ಎಲ್ಲರೂ ಬರೆಯುವ ವಾಕ್ಯವೇ ಎಂದು ಅನುಮಾನಿಸಿ. ಆಮೇಲೆ ಆ ಊರಿನವರೇ ಒಬ್ಬರಿಗೆ ಓದಿ ಹೇಳಿ. ಅಘನಾಶಿನಿಯ ಲೇಖನವನ್ನು ಬಳಚು ಹೆಕ್ಕುವ ಮನೆಯವರೊಬ್ಬರು ಕೇಳಿ, ಎಲ್ಲಿ ತಡೆದು "ಹಾಗಲ್ಲ, ಹೀಗೆ" ಎನ್ನುತ್ತಾರೋ ಅಲ್ಲಿ ನಿಮ್ಮ ಮುಂದಿನ ತಿದ್ದುಪಡಿ ಇದೆ.